ಗಂಟೆಯ ಮಿಕ್ಕ ಏಳು ಬಡಿತ

ಪಿಡ್‌ಲೋ, ಡಾರ್ಸೆಟ್
ಭಾನುವಾರ, ಜುಲೈ ೯, ೧೯೬೧

ನನ್ನ ಮುದ್ದು ಕ್ಲೆಮ್,

ನಿನ್ನ ಮಂಡಿನೋವು ಹೇಗಿದೆ? ಟಾಸ್ಮೇನಿಯಾದಲ್ಲಿ ಈಗ ಚಳಿಗಾಲವಲ್ಲವೆ, ಉಣ್ಣೆಯ ಕಾಲುಚೀಲ ಹಾಕಿಕೋ. ನಾನು ಹೆಣೆದದ್ದು ಚುಚ್ಚುತ್ತದೆ ಎಂಬ ನೆಪವೆಲ್ಲ ಬೇಡ. ಥರ್ಜಾ ಪುಟ್ಟಿ ನರ್ಸಿಂಗ್ ಪರೀಕ್ಷೆ ಪಾಸಾದಳೆಂದು ಓದಿ ಹಿಗ್ಗಿಹೋದೆ. ಅಮ್ಮ ಗಟ್ಟಿಯಾಗಿದ್ದಾಳೆ. ಎಂಬತ್ತೆರಡಾದರೂ ಗುಲಾಬಿ ಗಿಡ ಹೂ ಬಿಡಲಿಲ್ಲವೆಂದು ಅದನ್ನು ಗದರುತ್ತಾಳೆ, ಚಹಾ ನೀರಾಯಿತೆಂದು ನನ್ನನ್ನು. ನಿನ್ನ ಕಾಗದ ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳೆ. ಹೋಗುತ್ತಿದ್ದಳು ಅನ್ನಬೇಕು. ಅದನ್ನೇ ಹೇಳಹೊರಟಿದ್ದೇನೆ.

ನಿನ್ನ ಮಗಳು ತಾನು ಯಾರ ಹೆಸರು ಹೊತ್ತಿದ್ದೇನೋ ಅವಳು ಕೊನೆಗೆ ಏನಾದಳೆಂದು ಕೇಳುತ್ತಾಳೆ, ಹುಡುಕಿಕೊಡು ಎಂದು ಕ್ರಿಸ್‌ಮಸ್ಸಿಗೆ ಬರೆದಿದ್ದೆಯಲ್ಲ. ಹುಡುಕುವುದೇನು ಬಂತು! ಅಮ್ಮನ ತಾಯಿ ಥರ್ಜಾ, ಗಂಡ ಕಲ್ಲುಗಣಿಯಲ್ಲಿ ಸತ್ತ ಮೇಲೆ ಐದು ವರ್ಷದ ಮಗಳನ್ನು ಬಿಟ್ಟು ಯಾವನ ಜೊತೆಗೋ ಕೆನಡಾಕ್ಕೆ ಓಡಿಹೋದಳು, ಅವಳ ಅಕ್ಕ ಜೆಮೈಮಾ ಅಜ್ಜಿ ಆ ಮಗುವನ್ನು ವೆದರ್‌ಕೋಟ್ ಊರಿನಿಂದ ಇಲ್ಲಿಗೆ ತಂದು ಸಾಕಿದಳು. ಇಷ್ಟನ್ನು ಕೇಳಿಕೊಂಡೇ ನಾವಿಬ್ಬರೂ ಬೆಳೆದವರು, ಅವಳ ಹೆಸರನ್ನು ಮಾತ್ರ ಅಮ್ಮ ಎತ್ತುತ್ತಿರಲಿಲ್ಲ. ನೀನೋ, ಮನೆಯವರ ಹೆಸರು ಬರೆದಿಡುವ ಹಳೇ ಬೈಬಲ್ಲಿನ ಮೊದಲ ಹಾಳೆಯಲ್ಲಿ ಕಂಡ ಹೆಸರು ಚಂದವಾಗಿದೆಯೆಂದು ಮಗಳಿಗಿಟ್ಟುಬಿಟ್ಟೆ. "ಆ ಹೆಂಗಸಿನ ಹೆಸರಿಟ್ಟೋನು ನನ್ನ ಮಗನೇ ಅಲ್ಲ" ಎಂದ ಅಮ್ಮ ಇಪ್ಪತ್ತು ವರ್ಷ ನಿನಗೆ ಒಂದಕ್ಷರ ಬರೆಯಲಿಲ್ಲ. ಇಂಥವಳ ಜೊತೆ ಒಂದೇ ಸೂರಿನಡಿ ಇದ್ದುಕೊಂಡು ನಾನು ಹುಡುಕಬೇಕಿತ್ತು ನೋಡು! ಚರ್ಚಿನಲ್ಲಿ ಹೂ ಜೋಡಿಸುವ ಸರದಿ ನನ್ನದೆಂದು ಸುಳ್ಳು ಹೇಳಿ ಶನಿವಾರ ಶನಿವಾರ ಹೋದೆ.

ನಮ್ಮ ಪಾದ್ರಿ ಪಿಂಚಿನ್ ಕಬ್ಬಿಣದ ಪೆಟ್ಟಿಗೆಯಿಂದ ಹಳೇ ಪುಸ್ತಕ ತೆಗೆದುಕೊಟ್ಟರು. ಶಾಯಿ ಚೆಲ್ಲಿಬಿಟ್ಟೇನೆಂದು ಪೆನ್ನು ಕಿತ್ತುಕೊಂಡು ಪೆನ್ಸಿಲು ಕೊಟ್ಟರು, ನಾನೇನೋ ಶಾಲೆಯ ಹುಡುಗಿ! "ಓಡಿಹೋದೋರನ್ನ ಈ ಪುಸ್ತಕದಲ್ಲಿ ಹುಡುಕಿದ್ರೆ ಸಿಗ್ತಾರೇನಮ್ಮ? ಇಲ್ಲಿರೋರು ಹುಟ್ಟಿದೋರು, ಮದುವೆಯಾದೋರು, ಸತ್ತೋರು, ಅಷ್ಟೇ" ಎಂದು ನಕ್ಕರು. ಮೂರು ವಾರ ಏನೂ ಸಿಗಲಿಲ್ಲ. ಕೊನೆಗೆ ಅವರೇ, "ಅವರು ಹುಟ್ಟಿದೂರಿನ ಚರ್ಚಲ್ಲಿ ಕೇಳಿದ್ರಾ?" ಎಂದರು. ಬಸ್ಸು ಹತ್ತಿ ವೆದರ್‌ಕೋಟ್‌ಗೆ ಹೋದೆ. ಎಲ್ಲ ಪುಸ್ತಕಕ್ಕೂ ಒಂದೇ ಬಗೆಯ ಕಂದು ರಟ್ಟು. ಹುಟ್ಟಿದವರದ್ದೆಂದುಕೊಂಡು ಸತ್ತವರದ್ದನ್ನು ತೆರೆದಿದ್ದೆ. ಮಡಚಿಡುವಷ್ಟರಲ್ಲಿ ಕಣ್ಣಿಗೆ ಬಿತ್ತು: ಥರ್ಜಾ ಪೆಲ್, ವಿಧವೆ, ವಯಸ್ಸು ಇಪ್ಪತ್ತೇಳು, ಮಣ್ಣು ಮಾಡಿದ್ದು ೧೮೮೪ನೇ ಮಾರ್ಚ್ ನಾಲ್ಕು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ವಿಷಮಜ್ವರ. ಅವಳು ಓಡಿಹೋಗಲಿಲ್ಲ ಕ್ಲೆಮ್! ನಮ್ಮ ಮನೆಯಿಂದ ಎಂಟೇ ಮೈಲಿ ದೂರದಲ್ಲಿ ಮಲಗಿದ್ದಾಳೆ. ನಾನು ಅಲ್ಲೇ ಗೊಳೋ ಎಂದು ಅತ್ತೆ. ಪುಸ್ತಕದ ಮೇಲೆ ಹನಿ ಬೀಳದಂತೆ ಮಾತ್ರ ನೋಡಿಕೊಂಡೆ.

ಹತ್ತು ದಿನ ಹೇಳಲು ಬಾಯಿ ಬರಲಿಲ್ಲ. ಜೀವಮಾನವಿಡೀ ಹೊತ್ತ ಸಿಟ್ಟನ್ನು ಈ ವಯಸ್ಸಿನಲ್ಲಿ ಕಿತ್ತುಕೊಂಡರೆ ಅಮ್ಮ ಏನಾಗಿಬಿಡುತ್ತಾಳೋ ಎಂಬ ಭಯ. ಮೊನ್ನೆ ಗುರುವಾರ ಅವಳು ಬಟಾಣಿ ಸುಲಿಯುತ್ತಿದ್ದಾಗ ಹೇಗೋ ಹೇಳಿಬಿಟ್ಟೆ. ತಲೆಯೆತ್ತದೆ ಒಂದೇ ಮಾತು ಕೇಳಿದಳು: "ಎಷ್ಟು ವಯಸ್ಸಾಗಿತ್ತಂತೆ?" ಇಪ್ಪತ್ತೇಳು ಎಂದೆ. ಅವಳ ಕೈ ನಿಂತಿತು.

ಯಾರಾದರೂ ಸತ್ತಾಗ ಚರ್ಚಿನಲ್ಲಿ ಬಾರಿಸುವ ಗಂಟೆ ಎಣಿಸುವುದನ್ನು ನಮಗೆ ಕಲಿಸಿದವಳು ಅವಳೇ ಅಲ್ಲವೆ? ಮಗುವಿಗೆ ಮೂರು, ಹೆಂಗಸಿಗೆ ಆರು, ಗಂಡಸಿಗೆ ಒಂಬತ್ತು, ಆಮೇಲೆ ವಯಸ್ಸಿಗೆ ತಕ್ಕಷ್ಟು. ಮೆಲ್ಲಗೆ ಹೇಳತೊಡಗಿದಳು: "ದೊಡ್ಡಮ್ಮ ನನ್ನನ್ನ ಗಾಡೀಲಿ ಕೂರಿಸ್ಕೊಂಡು ಬಂದಳು. ದಿಬ್ಬ ಹತ್ತೋವಾಗ ಹಿಂದೆ ವೆದರ್‌ಕೋಟ್ ಗಂಟೆ ಶುರುವಾಯ್ತು. ಆರು ಬಡೀತು, ಯಾರೋ ಹೆಂಗಸು ಅಂದೆ. ಆಮೇಲೆ ವಯಸ್ಸು ಎಣಿಸ್ದೆ. ಇಪ್ಪತ್ತರವರೆಗೆ ಮಾತ್ರ ಬರ್ತಿತ್ತು ನಂಗೆ. ಮಿಕ್ಕ ಏಳನ್ನ ದೊಡ್ಡಮ್ಮ ಎಣಿಸಿಕೊಟ್ಟಳು. ಯಾಕಳ್ತೀಯ ಅಂದ್ರೆ ಕಣ್ಣಿಗೆ ಧೂಳು ಬಿತ್ತು ಅಂದಳು." ಮತ್ತೆ ಬಟಾಣಿ ಕೈಗೆತ್ತಿಕೊಂಡು, "ನಿನ್ನಮ್ಮ ಸಮುದ್ರದಾಚೆ ಹೋದಳು ಅಂತಷ್ಟೇ ದೊಡ್ಡಮ್ಮ ಅಂದಿದ್ದು ಕಣೇ. ಯಾವನ ಜೊತೆಗೋ ಕೆನಡಾಕ್ಕೆ ಅಂತ ಸೇರಿಸ್ದೋರು ಶಾಲೆ ಮಕ್ಕಳು. ನಾನು ಅದನ್ನೇ ನಂಬಿದೆ" ಎಂದಳು. ಜೆಮೈಮಾ ಅಜ್ಜಿಯ ಮೇಲೆ ನನಗೆ ಕೋಪ ಬಂದದ್ದು ನಿಜ. ಆದರೆ ಮಗು ಅಳುವುದನ್ನು ನೋಡಲಾರದೆ ಹೇಳಿದ ಮಾತನ್ನು ಹಿಂತೆಗೆದುಕೊಳ್ಳುವ ದಿನ ಅವಳಿಗೆ ಬರಲೇ ಇಲ್ಲವೇನೋ, ಪಾಪ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಬೆಚ್ಚಗಿರು.

ನಿನ್ನ ಅಕ್ಕ,
ಓಲಿವ್

ತಡೆ, ಲಕೋಟೆ ಅಂಟಿಸಲು ಅಮ್ಮ ಬಿಡುತ್ತಿಲ್ಲ. ಪೆನ್ನು ಕೊಡು ಎಂದು ಕೈ ಚಾಚಿ ನಿಂತಿದ್ದಾಳೆ. ಇನ್ನು ಮುಂದಿನದು ಅವಳ ಕೈಬರಹ.

ಕ್ಲೆಮೆಂಟ್, ಕಾಲುಚೀಲ ಹಾಕಿಕೋ. ನಾನು ತಪ್ಪು ಮಾಡಿದೆ ಮಗೂ. ಥರ್ಜಾಳನ್ನು ಒಂದು ಸಲ ಕಳಿಸು. ನನಗೆ ಗಂಟೆ ಬಾರಿಸುವ ದಿನ ಎಣಿಸಲು ಅವಳಿರಬೇಕು. ಬಹಳ ಇದೆ, ಎಂಬತ್ತು ದಾಟಿದೆ. ಅವಳಿಗೆ ಅಷ್ಟೂ ಎಣಿಸಲು ಬರುತ್ತದಲ್ಲ?