ಎದುರುಮನೆಯ ಚಪ್ಪಲಿಗಳು

ನವೆಂಬರ್ 6, ಗುರುವಾರ. ಬೆಳಗ್ಗೆ 8.10

ಹಾಲು, ಪೇಪರ್, ಬಿ.ಪಿ. ಮಾತ್ರೆ. ಹೊರಗೆ ಬರೀ ಹೊಗೆ. ಆರ್.ಕೆ.ಪುರಂ ಇನ್ನೂ ಇದೆ ಅನ್ನೋ ನಂಬಿಕೆಯ ಮೇಲೆ ವಾಕಿಂಗ್ ಮುಗಿಸಿದೆ.

ಎದುರುಮನೆ ಏಕನಾಥರ ಬಾಗಿಲಲ್ಲಿ ಏಳು ಜೊತೆ ಚಪ್ಪಲಿ. ಹೆಸರಿಗೆ ಏಕ, ಮನೆಯಲ್ಲಿ ಅನೇಕ. ಬೀದರಿನಲ್ಲಿ ಯಾರಿಗೆ ಕಾಯಿಲೆಯಾದರೂ ದೆಹಲಿಯ ದೊಡ್ಡಾಸ್ಪತ್ರೆ, ವಸತಿಗೆ ಇವರ ಎರಡು ರೂಮಿನ ಸರ್ಕಾರಿ ಕ್ವಾರ್ಟರ್ಸು. ಈ ಸಲ ಅತ್ತಿಗೆಯ ತಂಗಿ ಮಗಳು ಲಾವಣ್ಯಾ, ಜೊತೆಗೆ ಅವಳ ಅಪ್ಪ ಅಮ್ಮ. ಇಪ್ಪತ್ತೈದು ರೇಡಿಯೇಷನ್. ಇವತ್ತು ನಾಲ್ಕನೆಯದು.

ಮೆಟ್ಟಿಲಲ್ಲಿ ಲಿಸ್ಟ್ ಹಿಡಿದ ಇಬ್ಬರು. ವೋಟರ್ ಲಿಸ್ಟಿನವರಿರಬೇಕು. ಎದುರುಮನೆಯಲ್ಲಿ ಯಾರಿರ್ತಾರೆ ಅಂತ ಕೇಳಿದರು.

"ಅದು ಮನೆ ಎಲ್ಲಿ ಸಾಬ್, ನಮ್ಮ ಕರ್ನಾಟಕ ಭವನದ ಬ್ರಾಂಚು. ರೂಮು ಬೇಕಿದ್ದರೆ ಈಗಲೇ ಬುಕ್ ಮಾಡಿ."

ಒಬ್ಬ ನಕ್ಕ. ಇನ್ನೊಬ್ಬ ಬರೆದುಕೊಂಡ. ನನ್ನ ಜೋಕನ್ನು ಬರೆದುಕೊಂಡ ಮೊದಲ ರಸಿಕ.

ನವೆಂಬರ್ 14, ಶುಕ್ರವಾರ

ಏಕನಾಥರು ಬಂದಿದ್ದರು. ಕೈಯಲ್ಲಿ ನೋಟಿಸು. ಕ್ವಾರ್ಟರ್ಸನ್ನು ಬಾಡಿಗೆಗೆ ಕೊಟ್ಟಿದ್ದಾರಂತೆ. 24ಕ್ಕೆ ವಿಚಾರಣೆಗೆ ಹಾಜರಾಗಬೇಕು. ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಮನೆ ಖಾಲಿ.

"ನೆಂಟರು ಅಂತ ಎದುರುಮನೆಯವರು ಬರೆದುಕೊಟ್ಟರೆ ಸಾಕಂತ್ರಿ ಮೂರ್ತಿಯವರ. ಒಂದು ಸಹಿ."

"ತಪ್ಪಿಲ್ಲ ಅಂದ ಮೇಲೆ ಹೆದರಿಕೆ ಯಾಕೆ? ಫೈಲ್ ಸರಿ ಇದ್ದರೆ ಫೇಲ್ ಆಗಲ್ಲ."

ನಗಲಿಲ್ಲ. ಸಹಿಗೆಂದು ಬರೆದು ತಂದಿದ್ದ ಕಾಗದ ಟಿ.ವಿ. ರಿಮೋಟಿನ ಕೆಳಗಿಟ್ಟು ಹೋದರು.

ಹೆಂಡತಿ ವಿಜಯಾ: "ಸಹಿ ಹಾಕೋಕೆ ಏನು ಕಷ್ಟ?"

"ಸುಮ್ಮಸುಮ್ಮನೆ ನೋಟಿಸ್ ಬರುತ್ತೇನೇ? ಏನೋ ಇರಬೇಕು. ಮೂವತ್ತು ವರ್ಷದಿಂದ ಇದ್ದೀವಿ, ನಮಗೆ ಬಂತಾ?"

"ನಮ್ಮನೆಗೆ ಯಾರು ಬರ್ತಾರೆ, ನೋಟಿಸ್ ಬರೋಕೆ?"

ನವೆಂಬರ್ 16, ಭಾನುವಾರ

ಇಸ್ತ್ರಿ ಭಯ್ಯಾನನ್ನು ಮೆಲ್ಲಗೆ ಕೇಳಿದೆ, ಎದುರುಮನೆಗೆ ಬಂದಿರೋರು ಬಾಡಿಗೆಯವರೇನೋ ಅಂತ. ಅವನಿಗೆ ಎಲ್ಲರ ಮನೆಯ ಮಡಿಕೆಗಳೂ ಗೊತ್ತು.

"ಬಾಡಿಗೆಯೇ? ಅಂಕಲ್‌ಜಿ ತಾವೇ ಬಾಲ್ಕನಿಯಲ್ಲಿ ಮಲಗ್ತಾರೆ. ಈ ಚಳಿಯಲ್ಲಿ."

ನಿರಾಸೆಯಾಯಿತು.

...ಮೇಲಿನ ಸಾಲು ಈಗ ಓದಿದೆ. ಹೊಡೆದುಹಾಕಲು ಪೆನ್ ಎತ್ತಿ ಹಾಗೇ ಬಿಟ್ಟೆ. ವಿಜಯಾ ನಿನ್ನೆ ಅಂದಿದ್ದಳು: "ಅವರು ತಪ್ಪು ಮಾಡಿರಲಿ ಅಂತ ಹರಕೆ ಹೊತ್ತ ಹಾಗಿದ್ದೀರಿ ನೀವು."

ನವೆಂಬರ್ 20, ಗುರುವಾರ. ಸಂಜೆ 6

ನಾಲ್ಕು ದಿನದಿಂದ ಅವರ ಬಾಗಿಲ ಸದ್ದು ಕೇಳಿ, ಅದು ನಿಂತ ಮೇಲೆ ಇಳಿಯುತ್ತಿದ್ದೆ. ಇವತ್ತು ಅವರ ಮಗಳು ಕೃತಿ ಸಿಕ್ಕಿಬಿಟ್ಟಳು.

"ಅಂಕಲ್, ಲಾವಣ್ಯಾ ದೀದಿ ಪ್ಯಾಕಿಂಗ್ ಕರ್ ರಹೀ ಹೈ. 'ನಾನಿದ್ರೆ ನಿಮ್ಮನೆ ಹೋಗತ್ತೆ' ಅಂತಾರೆ. ಹನ್ನೊಂದು ರೇಡಿಯೇಷನ್ ಇನ್ನೂ ಬಾಕಿ. ಡಾಕ್ಟರ್ ನೇ ಬೋಲಾ, ಮಧ್ಯ ಬಿಡಬಾರ್ದು. ಸೋಮವಾರ ಸಂಜೆ ಟ್ರೇನ್."

ನೋಟಿಸಿನ ಎರಡನೇ ಪುಟ ಫೋನಿನಲ್ಲಿ ತೋರಿಸಿದಳು. "ದೇಖಿಯೇ ನಾ, ಯಾರೋ ಹೀಗೆ ಸುಳ್ಳು ಬರೆಸಿದ್ದಾರೆ."

'ನೆರೆಯವರ ಹೇಳಿಕೆಯಂತೆ ಸದರಿ ಮನೆಯಲ್ಲಿ ರೂಮುಗಳ ಬುಕಿಂಗ್ ನಡೆಯುತ್ತದೆ.'

ವೋಟರ್ ಲಿಸ್ಟ್ ಅಲ್ಲ ಅದು. ಕ್ವಾರ್ಟರ್ಸ್ ತಪಾಸಣೆ. ನನ್ನ ಭವನದ ಜೋಕು, ಅವರ ಭವಣೆ. ಈ ಪನ್ನೂ ತಾನಾಗೇ ಬಂತು ನೋಡಿ. ದರಿದ್ರ ಚಾಳಿ.

ಒಳಗೆ ಬಂದು ರಿಮೋಟ್ ಎತ್ತಿ ಸಹಿ ಹಾಕಿದೆ. ಎದುರುಮನೆಗೆ ಹೋಗಿ ಕೊಟ್ಟೆ, 24ಕ್ಕೆ ನಾನೂ ಬರ್ತೀನಿ ಅಂದೆ. ಏಕನಾಥರು ಕೈ ಹಿಡಿದುಕೊಂಡರು. ಬಿಡಲೇ ಇಲ್ಲ. ಆ ಒಂದು ಮಾತು ಹೇಳಲಾಗಲಿಲ್ಲ.

ನವೆಂಬರ್ 21

ಹೇಳಲಿಲ್ಲ.

ನವೆಂಬರ್ 24, ಸೋಮವಾರ. 11.20

ವಿಚಾರಣೆ ಕೋಣೆಯ ಹೊರಗೆ ಬೆಂಚು. ನಮ್ಮದು ನಾಲ್ಕನೇ ನಂಬರು. ಮೂರನೆಯವರು ಒಳಗಿದ್ದಾರೆ.

ಡೀಲಿಂಗ್ ಕ್ಲರ್ಕ್ ಫೈಲ್ ತಿರುವಿ ಕೇಳಿದ, ಬುಕಿಂಗ್ ಅಂದವರೂ ನೆಂಟರು ಅಂದವರೂ ಒಂದೇ ಫ್ಲ್ಯಾಟಿನವರಾ? ಏಕನಾಥರು ಅರ್ಜಿ ಜೆರಾಕ್ಸಿಗೆ ಹೋಗಿದ್ದರು, ಕೇಳಿಸಿಲ್ಲ. ಮೊದಲಿನದು ನಾನಾಡಿದ ತಮಾಷೆ ಅಂತ ನಾನೇ ಒಪ್ಪಿ ಬರೆದುಕೊಡದಿದ್ದರೆ ಎರಡನೆಯದು ನಿಲ್ಲಲ್ಲ ಅಂದ.

ಬರೆದುಕೊಡ್ತೀನಿ. ತಪಾಸಣೆಗೆ ಬಂದವರ ಮುಂದೆ ಬಾಯಿಗೆ ಬಂದದ್ದು ಆಡಿದ್ದಕ್ಕೆ ನನ್ನ ಆಫೀಸಿಗೂ ಒಂದು ಕಾಗದ ಹೋಗಬಹುದು. ಹೋಗಲಿ. ಕಷ್ಟ ಅದಲ್ಲ. ಒಳಗೆ ಅಧಿಕಾರಿಗಳು ಅದನ್ನು ಓದೋ ಮೊದಲು ಏಕನಾಥರಿಗೆ ನನ್ನ ಬಾಯಿಂದಲೇ ತಿಳಿಯಬೇಕು.

ಬಂದರು. ಎರಡು ಕಪ್ ಟೀ. ನನ್ನದು ಸಕ್ಕರೆ ಇಲ್ಲದ್ದು. ನೆನಪಿಟ್ಟಿದ್ದಾರೆ.

"ಏನು ಬರೀತೀರಿ ಮೂರ್ತಿಯವರ, ಜೋಕಾ? ಒಂದು ಹೇಳ್ರಿ. ಎದಿ ಹೊಡಕೊಳ್ಳಿಕ್ಕತ್ತದ."

ಕೈ ಎತ್ತಿ, ಒಂದು ನಿಮಿಷ ಅಂದೆ. ಡ್ರಾಫ್ಟ್ ಇಲ್ಲದೆ ಬಾಯಿ ಬಿಡದ ಸರ್ವಿಸ್ ನನ್ನದು. ಇಲ್ಲೇ ಬರೆದು ಓದಿಬಿಡ್ತೀನಿ.

ಏಕನಾಥರೇ, ಆವತ್ತು ಲಿಸ್ಟ್ ಹಿಡಿದವರು ಬಂದಾಗ ನಾನು