ಟಿಕೆಟ್ಟಿಗೊಬ್ಬ ಮಗ

ಪೋರ್ಟ್‌ಲ್ಯಾಂಡ್
ಅಕ್ಟೋಬರ್ 14

ಪ್ರೀತಿಯ ವೇಡ್,

ನೀನು, ಶೆರಿಲ್, ಪುಟ್ಟ ಕೆಲ್ಸಿ ಮೂವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಕಾಗದ ಬರೆಯದೆ ಬಹಳ ದಿನವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯೋಣವೆಂದು ಕೂತಾಗಲೆಲ್ಲ ಯಾರಾದರೂ ಎಬ್ಬಿಸಲು ಬರುತ್ತಾರೆ. ಬೇಸಿಗೆಯಲ್ಲಿ ಹೆದ್ದಾರಿ ಸೇತುವೆಯ ಕೆಳಗಿನಿಂದ ಎಬ್ಬಿಸಿದರು, ಡೇರೆ ಕಿತ್ತುಕೊಂಡು ಎಲ್ಲರೂ ರೈಲು ಹಳಿಯ ಪಕ್ಕಕ್ಕೆ ಹೋದೆವು. ಹೋದ ವಾರ ಅಲ್ಲಿಂದಲೂ ಎಬ್ಬಿಸಿದರು.

ಆಗ ನಾನು ಚರ್ಚಿನಲ್ಲಿ ಸ್ನಾನದ ಸರದಿಗೆ ನಿಂತಿದ್ದೆ. ಒಳಗೆ ಆಳಿಲ್ಲದ ಡೇರೆ ಕಸವೆಂದೇ ನಗರದವರ ಲೆಕ್ಕ. ವಾಪಸು ಬರುವಷ್ಟರಲ್ಲಿ ಡೇರೆ, ಕಂಬಳಿ, ಲೋಟದ ನೀರಿನಲ್ಲಿ ಇಟ್ಟಿದ್ದ ನನ್ನ ಹಲ್ಲುಸೆಟ್ಟು ಎಲ್ಲವೂ ಕಸದ ಲಾರಿಯ ಬಾಯಿಗೆ ಹೋಗಿದ್ದವು. "ಹಲ್ಲಾದ್ರೂ ಕೊಡಪ್ಪ" ಎಂದು ಹಳದಿ ಅಂಗಿಯವನನ್ನು ಕೇಳಿದೆ. "ಲಾರಿಗೂ ಅಗಿಯೋಕೆ ಹಲ್ಲು ಬೇಕಲ್ಲ ಅಜ್ಜಿ" ಅಂದ. ಜೊತೆಯವರು ನಕ್ಕರು, ನಾನೂ ನಕ್ಕೆ. ಬೊಚ್ಚುಬಾಯಿ ನಕ್ಕಿದ್ದು ನೋಡಿ ಅವರಿಗೆ ಇನ್ನಷ್ಟು ನಗು ಬಂತು.

ಈಗ ಓಡೆಲ್‌ನ ಡೇರೆಯ ಪಕ್ಕ ಒಂದು ಟಾರ್ಪಾಲು ಕಟ್ಟಿಕೊಂಡಿದ್ದೇನೆ. ಓಡೆಲ್ ಹಿಂದೆ ಹಡಗಿನಲ್ಲಿ ಅಡುಗೆಯವನಾಗಿದ್ದ. ಡಬ್ಬಿಯ ಬೀನ್ಸ್ ಬಿಸಿ ಮಾಡುವಾಗಲೂ ಕ್ಯಾಪ್ಟನ್‌ಗೆ ಬಡಿಸುವವನ ಹಾಗೆ ಉಪ್ಪು ನೋಡುತ್ತಾನೆ. ಬಾಯಿ ಕೆಟ್ಟದ್ದು, ಮನುಷ್ಯ ಕೆಟ್ಟವನಲ್ಲ.

ಕೇಳು, ಇಲ್ಲಿ ನಮ್ಮಂಥವರಿಗೆ ಊರಿಗೆ ಹೋಗಲು ನಗರದವರೇ ಪುಕ್ಕಟೆ ಬಸ್ ಟಿಕೆಟ್ ಕೊಡುತ್ತಾರೆ. ಹೋಗುವುದಕ್ಕೆ ಮಾತ್ರ, ಬರುವುದಕ್ಕಲ್ಲ. ಒಂದೇ ಷರತ್ತು, ಆ ಕಡೆಯಿಂದ ರಕ್ತಸಂಬಂಧಿಯೊಬ್ಬರು ಫೋನಿನಲ್ಲಿ "ಹೌದು, ಕಳಿಸಿ" ಅನ್ನಬೇಕು. ಹೋದ ಚಳಿಗೆ ನನ್ನ ಕಾಲಿನ ಎರಡು ಬೆರಳು ಹೋದವಲ್ಲ, ಇನ್ನೊಂದು ಚಳಿಗಾಲವನ್ನು ಹೊರಗೆ ಕಳೆದರೆ ನಾನು ಉಳಿಯುವುದಿಲ್ಲವೆಂದು ಕ್ಲಿನಿಕ್ಕಿನ ನರ್ಸು ಮುಖಕ್ಕೇ ಹೇಳಿದಳು. ಅದಕ್ಕೇ ಮಾನ ಬಿಟ್ಟು ಟಿಕೆಟ್ಟಿನ ಹುಡುಗಿಗೆ ನಿನ್ನ ನಂಬರು ಕೊಟ್ಟೆ. ಒಳಮನೆ ಬೇಡ, ನಿನ್ನ ಗ್ಯಾರೇಜಿನಲ್ಲಿ ಒಂದು ಮೂಲೆ ಸಿಕ್ಕಿದ್ದರೆ ಸಾಕಿತ್ತು. ಲೈನು ಸಿಗಲಿಲ್ಲ. ನೀನು ಗೋದಾಮಿನ ಪಾಳಿಯಲ್ಲಿದ್ದಿರಬೇಕು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇದಕ್ಕೂ ಓಡೆಲ್ ಬಳಿ ಮದ್ದಿತ್ತು. ನಮ್ಮ ಡೇರೆಗಳಲ್ಲಿ ನೆಂಟರನ್ನು ಕಡ ಕೊಡುತ್ತಾರೆ ಕಣೋ, ಅಕ್ಕಪಕ್ಕದವರು ಸಕ್ಕರೆ ಕಡ ಕೊಡುವ ಹಾಗೆ. ಒಬ್ಬನ ಗೆಳೆಯ ಟಿಕೆಟ್ಟಿನ ಮಟ್ಟಿಗೆ ಇನ್ನೊಬ್ಬಳ ಅಣ್ಣನಾಗುತ್ತಾನೆ.

"ಏ ಮುದುಕಿ, ರೀನೋದಲ್ಲಿ ನಮ್ಮವನೊಬ್ಬ ಇದಾನೆ, ಕ್ಲೀಟಸ್ ಅಂತ. ಎರಡು ಪ್ಯಾಕ್ ಸಿಗರೇಟು ಕೊಟ್ರೆ ನಿನ್ ಮಗ ಆಗ್ತಾನೆ."

"ಹೆತ್ತ ಮಗನೇ ಇದಾನಲ್ಲೋ ನಂಗೆ. ಕಡ ಯಾಕೆ?"

"ಇದಾನೆ, ಇದಾನೆ. ಚಂದ್ರನೂ ಇದಾನೆ. ಚಳಿ ಆಗತ್ತೆ ಅಂದ್ರೆ ಕಂಬಳಿ ತರ್ತಾನಾ?"

ಕೊನೆಗೆ ಒಪ್ಪಿದೆ. ಮೊದಲು ಕೊಟ್ಟ ನಂಬರು ತಪ್ಪೆಂದು ಹುಡುಗಿಗೆ ಹೇಳಿ ಕ್ಲೀಟಸ್‌ನದು ಕೊಟ್ಟೆ. ಅವಳು ಯಾವಾಗಲೂ ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೇ ಮಾತಾಡುವುದು. ಅವನು ಒಂದೇ ರಿಂಗಿಗೆ ಎತ್ತಿದ.

"ಅಮ್ಮನಾ? ಕಳಿಸಿ ಮೇಡಂ, ಹಾಸಿಗೆ ಹಾಸಿಟ್ಟಿದೀನಿ. ಅವಳಿಗೆ ಕಾಲು ಬೇಗ ತಣ್ಣಗಾಗತ್ತೆ, ದಪ್ಪ ಸಾಕ್ಸು ಹಾಕ್ಕೊಂಡು ಬರೋಕೆ ಹೇಳಿ."

ಸಾಕ್ಸಿನ ಮಾತು ಓಡೆಲ್ ಹೇಳಿಕೊಟ್ಟದ್ದು. ಅದು ಗೊತ್ತಿದ್ದೂ ನನಗೆ ಅಳು ಬಂತು. ಅದನ್ನು ನೋಡಿ, ನಿಜವಾದ ತಾಯಿಯೇ ಇರಬೇಕೆಂದು ಹುಡುಗಿ ಅಲ್ಲೇ ಟಿಕೆಟ್ಟಿಗೆ ಮೊಹರು ಒತ್ತಿದಳು.

ಹೊರಗೆ ಬಂದ ಮೇಲೆ ಓಡೆಲ್‌ನನ್ನು ಕೇಳಿದೆ, ಆ ಹಾಸಿಗೆ ಇರುವುದು ಎಲ್ಲಿ ಎಂದು. "ನದಿ ದಂಡೆ ಮೇಲೆ. ಡೇರೆ ಗಟ್ಟಿಯಾಗಿದೆ, ನಾನೇ ನೋಡಿದೀನಿ" ಅಂದ. ರೀನೋದಲ್ಲೂ ಹಿಮ ಬೀಳುತ್ತದಂತೆ. ಆದರೂ ಶುಕ್ರವಾರ ಹೊರಡುತ್ತೇನೆ. ಸುಳ್ಳಿಗಾದರೂ ಅಮ್ಮ ಎಂದವನಿಗೆ ಸಿಗರೇಟು ಮುಟ್ಟಿಸಬೇಕಲ್ಲ.

ಶೆರಿಲ್‌ಗೆ ನಾನು ಕೇಳಿದೆನೆಂದು ಹೇಳು. ಕೆಲ್ಸಿಗೆ ಅಜ್ಜಿಯ ಕಡೆಯಿಂದ ಒಂದು ಮುತ್ತು ಕೊಡು. ದೇವರು ನಿಮ್ಮ ಮನೆಯನ್ನು ಬೆಚ್ಚಗಿಟ್ಟಿರಲಿ, ನಿನ್ನ ಬೆನ್ನುನೋವು ವಾಸಿಯಾಗಲಿ.

ನಿನ್ನ ಅಮ್ಮ,
ಆರ್ಲೀನ್

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆವತ್ತು ನಿನ್ನ ಲೈನು ಸಿಕ್ಕಿತ್ತು, ವೇಡ್. ನಾನು ಮೇಜಿನ ಈ ಕಡೆಯೇ ಕೂತಿದ್ದೆ. "ಅಮ್ಮ ತೀರ್ಕೊಂಡು ಮೂರು ವರ್ಷ ಆಯ್ತು" ಅಂದೆ ನೀನು. "ಅಯ್ಯೋ, ದೇವರು ನಿಮಗೆ ಸಮಾಧಾನ ಕೊಡ್ಲಿ" ಅಂದಳು ಹುಡುಗಿ. ನೀನು "ಥ್ಯಾಂಕ್ಸ್" ಅಂದೆ. ಬಹಳ ಸಲ ಹೇಳಿ ರೂಢಿಯಾದವರ ಹಾಗೆ ಸಲೀಸಾಗಿ ಬಂತು ಆ ಥ್ಯಾಂಕ್ಸ್. ಹಿಂದಿನಿಂದ ಕೆಲ್ಸಿ "ಯಾರಪ್ಪ ಅದು?" ಎಂದು ಕೇಳಿದ್ದೂ, ನೀನು "ಯಾರೂ ಇಲ್ಲ ಪುಟ್ಟಿ" ಅಂದದ್ದೂ ಕೇಳಿಸಿತು. ಎಷ್ಟು ದೊಡ್ಡವಳಾಗಿದ್ದಾಳೆ, ದನಿಯಲ್ಲೇ ಗೊತ್ತಾಯಿತು.

ಮೇಲೆ ಬರೆದಿರುವ ಮುತ್ತನ್ನು ಅವಳಿಗೆ ಕೊಡಬೇಡ. ಸತ್ತವರು ಕಳಿಸಿದ್ದೆಂದರೆ ಮಗು ಹೆದರೀತು.