ಎರಡನೆಯ ಪರಿಶೀಲಕಿಯ ಉತ್ತರ

ಸಾಂತಾಕ್ರೂಜ್
ಭಾನುವಾರ

ವೆಂಕಟಸುಬ್ಬಯ್ಯ ಸರ್ ಅವರಿಗೆ, ಧಾತ್ರಿಯ ನಮಸ್ಕಾರಗಳು.

ನಿಮ್ಮ ಸಂಶೋಧನಾ ಪತ್ರಿಕೆಗೆ ಬಂದ ಲೇಖನವೊಂದನ್ನು, ಲೇಖಕರ ಹೆಸರು ತೆಗೆದು, ಎರಡನೆಯ ಪರಿಶೀಲಕಿಯಾಗಿ ನೋಡಲು ನನಗೆ ಕಳಿಸಿದ್ದಿರಿ. ಪ್ರಕಟಿಸಬಹುದು ಎಂದು ವರದಿ ಕೊಟ್ಟೆ. ಅದನ್ನು ‘ತಿರಸ್ಕರಿಸಿ’ ಎಂದು ತಿದ್ದಿಕೊಡಲು ನಿನ್ನೆ ಫೋನಿನಲ್ಲಿ ಹೇಳಿದಿರಿ. ತಿದ್ದುವುದಿಲ್ಲ.

ವಿಜಯಪುರದ ಹೆಂಗಸರು ಗಂಡಂದಿರ ಹಿಂದೆ ಇಲ್ಲಿ ಮುಂಬೈಗೆ, ಪರೇಲ್‌ನ ಚಾಳುಗಳಿಗೆ ಬಂದರು ಎಂಬುದು ನಿಮ್ಮ ಪುಸ್ತಕದ ವಾದ. ಈ ಲೇಖಕರು ಆ ಹೆಂಗಸರನ್ನೇ ಹೋಗಿ ಕೇಳಿದ್ದಾರೆ. “ನಾ ಮೊದಲ ಬಂದೀನ್ರಿ. ಖೋಲಿ ಹಿಡದ ಮ್ಯಾಲ ಗಂಡನ್ನ ಕರಸ್ಕೊಂಡೀನಿ” ಎಂದು ದಾನವ್ವ ಎಂಬವರು ಹೇಳಿದ್ದಾರೆ. ಅಂಥ ಹೇಳಿಕೆಗಳು ಲೇಖನದ ತುಂಬ ಇವೆ. ನಿಮ್ಮ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಮಾತೂ ಇಲ್ಲ.

“ನನ್ನ ಪುಸ್ತಕ ಓದಿಯೇ ಅಲ್ವೇನಮ್ಮ ನೀನು ಪಿಎಚ್.ಡಿ. ಮಾಡಿದ್ದು?” ಎಂದಿರಿ. ಹೌದು ಸರ್. ಅದಕ್ಕೇ ಈ ಲೇಖನದಲ್ಲಿ ಹೊಸದೇನಿದೆ ಎಂದು ನನಗೆ ತಕ್ಷಣ ತಿಳಿಯಿತು.

ನನ್ನ ಬಡ್ತಿಯ ಸಮಿತಿಯಲ್ಲಿ ನೀವಿರುವುದನ್ನೂ ನೆನಪಿಸಿದಿರಿ. ನಾನು ಮರೆತಿರಲಿಲ್ಲ.

ಸಂಪಾದಕರಾಗಿ ಲೇಖನವನ್ನು ತಿರಸ್ಕರಿಸುವ ಅಧಿಕಾರ ನಿಮಗಿದೆ. ಹಾಗೆ ಮಾಡುವುದಾದರೆ ಕಾರಣವನ್ನು ನಿಮ್ಮ ಹೆಸರಿನಲ್ಲೇ ಬರೆಯಿರಿ. ಪರಿಶೀಲಕರು ಒಪ್ಪಲಿಲ್ಲ ಎಂದು ಲೇಖಕರಿಗೆ ಹೇಳಬೇಡಿ. ನನ್ನ ವರದಿಯನ್ನು ಒಂದಕ್ಷರವೂ ಬದಲಿಸದೆ ಅವರಿಗೆ ಕಳಿಸಿಕೊಡಿ.

ಪರಿಶೀಲಕರ ಹೆಸರನ್ನು ಗುಟ್ಟಾಗಿಡುವುದು ಪತ್ರಿಕೆಯ ನಿಯಮ ಎಂದು ಗೊತ್ತು. ಈ ಸಲ ವರದಿಯ ಕೆಳಗೆ ನನ್ನ ಹೆಸರನ್ನೂ ಹಾಕಿ. ನನ್ನ ಒಪ್ಪಿಗೆಯಿದೆ.

ನಿಮ್ಮ ವಿದ್ಯಾರ್ಥಿನಿ,
ಧಾತ್ರಿ